ವೇಸ್ಟ್‌ಕೋಟಿನ ಬಣ್ಣ ಟ್ವೀಡಿನೊಳಗೇ ಇದೆ

ಸ್ಕಾಟ್ಲೆಂಡಿನ ಹಗಲು ಉಡುಗೆಯಲ್ಲಿ ಬಣ್ಣದ ಚೌಕಳಿಯ ಟಾರ್ಟನ್ ಬಟ್ಟೆಯ ನೆರಿಗೆಯುಡುಗೆ ಕಿಲ್ಟ್, ಒರಟು ಉಣ್ಣೆಯ ಟ್ವೀಡ್ ಜಾಕೆಟ್ಟುಗಳ ಜೊತೆಗೆ ಜಾಕೆಟ್ಟಿನ ಬಟ್ಟೆಯದೇ ವೇಸ್ಟ್‌ಕೋಟ್ ತೊಡುವುದು ರೂಢಿ. ಬೇರೆ ಬಣ್ಣದ್ದು ಬೇಕೆಂದು ಹೊರಟವರಿಗೆ ಸಾಮಾನ್ಯವಾಗಿ ಸಿಗುವ ಸಲಹೆ ಒಂದೇ: ಕಿಲ್ಟಿನ ಗೆರೆಗಳಲ್ಲಿ ಯಾವುದಾದರೊಂದು ಬಣ್ಣ ಹಿಡಿದು ಅದೇ ಬಣ್ಣದ ವೇಸ್ಟ್‌ಕೋಟ್ ಹೊಲಿಸಿ. ಕೇಳಲು ಸರಿಯೆನಿಸುತ್ತದೆ. ಆದರೆ ನೇಯ್ಗೆಯನ್ನು ಹತ್ತಿರದಿಂದ ನೋಡಿದರೆ ಈ ಸಲಹೆ ನಿಲ್ಲುವುದಿಲ್ಲ. ಬಣ್ಣವನ್ನು ಹುಡುಕಬೇಕಾದದ್ದು ಕಿಲ್ಟಿನಲ್ಲಲ್ಲ, ಟ್ವೀಡಿನ ನೂಲಿನೊಳಗೆ ಎಂಬುದು ನನ್ನ ವಾದ.

ಇಷ್ಟು ತಲೆಕೆಡಿಸಿಕೊಳ್ಳುವ ಅಗತ್ಯವಿದೆಯೇ ಎಂದು ಯಾರಾದರೂ ಕೇಳಬಹುದು. ಮಾಮೂಲಿ ಸೂಟಿನಲ್ಲಾದರೆ ಇಲ್ಲ. ಗುಂಡಿ ಹಾಕಿದ ಕೋಟಿನೊಳಗೆ ವೇಸ್ಟ್‌ಕೋಟ್ ಕಾಣುವುದು ಟೈಯ ಕೆಳಗೆ ನಾಲ್ಕು ಬೆರಳಷ್ಟು ಮಾತ್ರ. ಕಿಲ್ಟ್ ಜಾಕೆಟ್ಟಿನ ಹೊಲಿಗೆಯೇ ಬೇರೆ. ಸೊಂಟದ ಮುಂದೆ ತೂಗುವ ಸ್ಪೊರನ್ ಚೀಲಕ್ಕೆ ಎಡೆ ಸಿಗಲೆಂದು ಅದನ್ನು ಗಿಡ್ಡವಾಗಿ ಕತ್ತರಿಸಿ, ಮುಂಭಾಗವನ್ನು ಎರಡೂ ಪಕ್ಕಕ್ಕೆ ಸರಿಸಿರುತ್ತಾರೆ. ಸಾಮಾನ್ಯವಾಗಿ ಅದಕ್ಕೆ ಗುಂಡಿಯನ್ನೂ ಹಾಕುವುದಿಲ್ಲ. ಹಾಗಾಗಿ ಎದೆಯಿಂದ ಹೊಕ್ಕುಳಿನವರೆಗೆ ಕಾಣುವುದೆಲ್ಲ ವೇಸ್ಟ್‌ಕೋಟೇ, ಅದರ ಕೆಳಗಿನ ಅಂಚು ನೇರವಾಗಿ ಟಾರ್ಟನ್ನಿಗೆ ತಾಗುತ್ತದೆ. ಪ್ಯಾಂಟಿಗೆಂದು ಹೊಲಿದ ವೇಸ್ಟ್‌ಕೋಟ್ ಇಲ್ಲಿ ಕೆಲಸಕ್ಕೆ ಬಾರದಿರುವುದೂ ಇದಕ್ಕೇ. ಕಿಲ್ಟನ್ನು ಪ್ಯಾಂಟಿಗಿಂತ ಎತ್ತರದಲ್ಲಿ ಕಟ್ಟುವುದರಿಂದ ಉದ್ದದ ವೇಸ್ಟ್‌ಕೋಟಿನ ಚೂಪು ತುದಿಗಳು ಕಿಲ್ಟಿನ ಮೇಲೆ ಇಳಿದು ಅಗಲಿ ನಿಲ್ಲುತ್ತವೆ. ಕಿಲ್ಟಿನ ಮೇಲಂಚನ್ನೂ ಪಟ್ಟಿಯ ಬಕಲ್‌ಗಳನ್ನೂ ಮುಚ್ಚಿದರೆ ಸಾಕು, ಅದಕ್ಕಿಂತ ಕೆಳಗೆ ಇಳಿಯಬಾರದು.

ಈಗ ಟಾರ್ಟನ್ನಿನ ವಿಷಯ. ಉದ್ದನೂಲಾದ ಹಾಸಿನಲ್ಲಿ ಯಾವ ಬಣ್ಣಗಳು ಯಾವ ಕ್ರಮದಲ್ಲಿವೆಯೋ ಅಡ್ಡನೂಲಾದ ಹೊಕ್ಕಿನಲ್ಲೂ ಸಾಮಾನ್ಯವಾಗಿ ಅವೇ ಬಣ್ಣಗಳು, ಅದೇ ಕ್ರಮ. ನೂಲು ಎರಡೆಳೆಯ ಮೇಲೆ ಹಾದು ಎರಡೆಳೆಯ ಕೆಳಗೆ ನುಸುಳುತ್ತದೆ. ಕೆಂಪು ಹಾಸನ್ನು ಕೆಂಪು ಹೊಕ್ಕು ದಾಟಿದ ಕಡೆ ಮಾತ್ರ ಅಪ್ಪಟ ಕೆಂಪು. ಹಸಿರು ದಾಟಿದ ಕಡೆ ಸಣ್ಣ ಓರೆಗೆರೆಗಳ ಬೆರಕೆ. ಆರು ಬಣ್ಣದ ನೂಲಿನಿಂದ ಹೀಗೆ 21 ಛಾಯೆಗಳು ಹುಟ್ಟುತ್ತವೆ, ಅವುಗಳಲ್ಲಿ ಅಪ್ಪಟ ಬಣ್ಣ ಆರೇ. ಉಳಿದ 15 ಬೆರಕೆ. ಕಿಲ್ಟಿನ ತೆಳು ಹಳದಿ ಗೆರೆಯನ್ನು ನೋಡಿ ಹಳದಿ ವೇಸ್ಟ್‌ಕೋಟ್ ತೊಟ್ಟರೆ, ಬಟ್ಟೆಯಲ್ಲಿ ಅಲ್ಲಲ್ಲಿ ಚುಕ್ಕಿಯಷ್ಟು ಮಾತ್ರ ಅಪ್ಪಟವಾಗಿದ್ದ ಬಣ್ಣವನ್ನು ಎದೆಯಗಲ ಹರಡಿದಂತಾಯಿತು. ಮೇಲಿನ ಹಳದಿ ಕೆಳಗಿನ ಹಳದಿಯನ್ನು ನುಂಗಿಹಾಕುತ್ತದೆ. ಕೆಂಪು ನೆಲದ ರಾಯಲ್ ಸ್ಟೂವರ್ಟ್‌ನಂಥ ಟಾರ್ಟನ್ನಿನಲ್ಲಿ ಅಪ್ಪಟ ಕೆಂಪು ಬೇಕಾದಷ್ಟಿದೆಯಲ್ಲ ಎನ್ನಬಹುದು. ಇದೆ; ಅಲ್ಲಿ ತೊಂದರೆ ಇನ್ನೊಂದು ಬಗೆಯದು. ಪೂರ್ಣ ಅಳತೆಯ ಕಿಲ್ಟಿಗೆ ಹಿಡಿಯುವುದು ಸುಮಾರು 8 ಗಜ ಬಟ್ಟೆ, ಅಷ್ಟೂ ನೆರಿಗೆಯಾಗಿ ಸೊಂಟದ ಸುತ್ತ ಕೂತಿರುತ್ತದೆ. ಆ ಕೆಂಪಿನ ಮೇಲೆ ಮತ್ತೆ ಕೆಂಪು ಏರಿಸಿದರೆ ಕಿಲ್ಟ್ ಎಲ್ಲಿ ಮುಗಿಯಿತು ಎಂಬುದೇ ಕಣ್ಣಿಗೆ ಗೊತ್ತಾಗುವುದಿಲ್ಲ.

ಟ್ವೀಡಿನ ಗುಣ ಇದಕ್ಕೆ ತದ್ವಿರುದ್ಧ. ಅಲ್ಲಿ ಬಣ್ಣ ಬೆರೆಯುವುದು ಮಗ್ಗಕ್ಕಿಂತ ಎಷ್ಟೋ ಮುಂಚೆ. ಹ್ಯಾರಿಸ್ ಟ್ವೀಡನ್ನೇ ತೆಗೆದುಕೊಳ್ಳಿ. 1993ರ ಕಾಯ್ದೆಯ ಪ್ರಕಾರ ಅದನ್ನು ಸ್ಕಾಟ್ಲೆಂಡಿನ ಔಟರ್ ಹೆಬ್ರಿಡೀಸ್ ದ್ವೀಪವಾಸಿಗಳೇ ತಮ್ಮ ಮನೆಗಳಲ್ಲಿ ಕೈಮಗ್ಗದಲ್ಲಿ ನೇಯಬೇಕು. ಅಪ್ಪಟ ಹೊಸ ಉಣ್ಣೆಗೆ ಬಣ್ಣ ಕಟ್ಟುವುದು, ನೂಲು ತೆಗೆಯುವುದು ಕೂಡ ಆ ದ್ವೀಪಗಳಲ್ಲೇ ಆಗಬೇಕು. ಬಣ್ಣ ಕಟ್ಟುವುದು ಬಿಡಿ ಉಣ್ಣೆಗೆ. ಬೇರೆ ಬೇರೆ ಬಣ್ಣದ ಉಣ್ಣೆಯನ್ನು ಬೆರೆಸಿ ಹಿಂಜಿದ ಮೇಲೆಯೇ ನೂಲು. ದೂರಕ್ಕೆ ಬೂದುಹಸಿರಾಗಿ ಕಾಣುವ ಟ್ವೀಡಿನಿಂದ ಒಂದೆಳೆ ಹಿರಿದು, ಅದರ ಹುರಿ ಬಿಚ್ಚಿ ಕಿಟಕಿಯ ಬೆಳಕಿಗೆ ಹಿಡಿಯಿರಿ. ಒಳಗೆ ನೀಲಿ ಇರುತ್ತದೆ, ಪಾಚಿಹಸಿರು ಇರುತ್ತದೆ, ಸಾಸಿವೆ ಬಣ್ಣದ ನಾಲ್ಕಾರು ನಾರು, ಒಮ್ಮೊಮ್ಮೆ ತುಕ್ಕಿನ ಬಣ್ಣವೂ ಇರುತ್ತದೆ. ವೇಸ್ಟ್‌ಕೋಟಿಗೆ ಬೇಕಾದ ಬಣ್ಣ ಇವುಗಳಲ್ಲಿದೆ: ತೀರ ಕಡಿಮೆ ಪಾಲಿನದು, ಆದರೆ ಕಣ್ಣಿಗೆ ಬೀಳುವಂಥದು. ಆ ಸಾಸಿವೆ ಬಣ್ಣದ ಉಣ್ಣೆಬಟ್ಟೆಯಲ್ಲಿ ವೇಸ್ಟ್‌ಕೋಟ್ ಹೊಲಿಸಿದರೆ ಅದು ಜಾಕೆಟ್ಟಿಗಿಂತ ಪೂರ್ತಿ ಬೇರೆಯಾಗಿಯೂ ಜಾಕೆಟ್ಟಿನದೇ ಮಗುವಿನಂತೆ ಕಾಣುತ್ತದೆ. ಕಡುನೀಲಿ, ಕಡುಹಸಿರು, ಕಪ್ಪಿನ ಬ್ಲ್ಯಾಕ್ ವಾಚ್ ಟಾರ್ಟನ್ನಿನಲ್ಲಿ ಹಳದಿಯ ಸುಳಿವೇ ಇಲ್ಲ. ಆದರೂ ಬೂದುಹಸಿರು ಲೋವಟ್ ಜಾಕೆಟ್ಟಿನ ನಡುವೆ ಈ ಸಾಸಿವೆ ಬಣ್ಣ ಕೂತಾಗ ಆ ಕಿಲ್ಟಿನಷ್ಟು ಗಂಭೀರವಾದದ್ದು ಇನ್ನೊಂದಿಲ್ಲ ಎನಿಸುತ್ತದೆ. ಕಂದು ಟ್ವೀಡಿನ ಕೆಳಗೆ ಕೆಂಪು ಕಿಲ್ಟ್ ಇದ್ದರೆ, ಆ ಕಂದಿನೊಳಗೆ ಅಡಗಿರುವ ಹೊಗೆನೀಲಿಯನ್ನೋ ಓಟ್ಸ್ ಹಿಟ್ಟಿನ ಬಿಳುಪನ್ನೋ ಹೊರತೆಗೆಯಬೇಕು.

ಚರಿತ್ರೆ ಬಲ್ಲವರು ಇಲ್ಲೊಂದು ಗಟ್ಟಿ ಆಕ್ಷೇಪ ಎತ್ತಬಹುದು. ಎಡಿನ್‌ಬರೋದ ರಾಷ್ಟ್ರೀಯ ಸಂಗ್ರಹದಲ್ಲಿ ಮ್ಯಾಕ್‌ಡೊನಾಲ್ಡ್ ಮನೆತನದ ಇಬ್ಬರು ಹುಡುಗರ ಚಿತ್ರವಿದೆ, ಸುಮಾರು 1749ರದ್ದು. 1746ರ ಕಾಯ್ದೆ ಕಿಲ್ಟ್, ಟಾರ್ಟನ್ ಸೇರಿದ ಹೈಲ್ಯಾಂಡ್ ಉಡುಪನ್ನು ನಿಷೇಧಿಸಿದ್ದ ಹೊತ್ತಿನಲ್ಲೇ ಬರೆದ ಚಿತ್ರವದು. ಆ ಮಕ್ಕಳು ಒಂದಕ್ಕೊಂದು ಹೋಲದ ಹಲವು ಟಾರ್ಟನ್‌ಗಳನ್ನು ಒಟ್ಟಿಗೇ ತೊಟ್ಟಿದ್ದಾರೆ, ನೋಡಲು ಸೊಗಸಾಗಿಯೂ ಇದೆ. ಪರಂಪರೆಯೇ ಅಷ್ಟು ಧಾರಾಳವಾಗಿದ್ದಾಗ ಇಷ್ಟೊಂದು ಕಟ್ಟುಪಾಡು ಏಕೆ? ಆ ಧಾರಾಳ ನನಗೂ ಇಷ್ಟ. ಆದರೆ ಆ ಕಾಲದ ಬಣ್ಣಗಳೆಲ್ಲ ಬೇರು, ಎಲೆ, ಕಲ್ಲುಹೂವು, ಕೀಟಗಳಿಂದ ಬಂದವು. ಎಷ್ಟೇ ಗಾಢವಾದರೂ ಒಂದನ್ನೊಂದು ತಾಳಿಕೊಳ್ಳುತ್ತಿದ್ದವು. 1856ರಲ್ಲಿ ವಿಲಿಯಂ ಪರ್ಕಿನ್ ರಾಸಾಯನಿಕ ನೇರಳೆಯನ್ನು ಕಂಡುಹಿಡಿದ ನಂತರ ಬಣ್ಣದ ಲೋಕವೇ ಬದಲಾಯಿತು. ಇಂದು ‘ಮಾಡರ್ನ್’ ಎಂದು ಮಾರುವ ಟಾರ್ಟನ್‌ಗಳ ಕಡುಬಣ್ಣ ಆ ರಸಾಯನಶಾಸ್ತ್ರದ್ದು. ಹಳೆಯ ಬಣ್ಣಗಳನ್ನು ಅನುಕರಿಸುವ ‘ಏನ್ಷಂಟ್’, ಬಿಸಿಲು ಮಳೆಗೆ ಮಾಸಿದಂತಿರುವ ‘ವೆದರ್ಡ್’ ಛಾಯೆಗಳ ಕಿಲ್ಟ್ ಇದ್ದವರು ಆ ಹುಡುಗರಷ್ಟು ಧೈರ್ಯ ಮಾಡಬಹುದು. ಕಡುಬಣ್ಣದ ಕಿಲ್ಟಿಗೆ ಆ ಸಲುಗೆ ಇಲ್ಲ.

ಚೌಕಳಿಯ ಟ್ಯಾಟರ್‌ಸಾಲ್ ವೇಸ್ಟ್‌ಕೋಟ್ ಕುದುರೆ ಕಂಬಳಿಗಳಿಂದ ಬಂದ ಚೆಂದದ ವಸ್ತು. ಆದರೆ ಟಾರ್ಟನ್ನೇ ಚೌಕಳಿಯಾಗಿರುವಾಗ ಅದು ಬೇಡ. ಇನ್ನು ಜಾಕೆಟ್ಟಿನ ಬಟ್ಟೆಯದೇ ವೇಸ್ಟ್‌ಕೋಟ್ ತಪ್ಪೇ? ಖಂಡಿತ ಅಲ್ಲ. ಸಾವಿನ ಮನೆಗೆ, ಕಚೇರಿಯ ಕೆಲಸಕ್ಕೆ ಅದೇ ಸರಿ. ಮದುವೆಗೆ, ಹಬ್ಬಕ್ಕೆ ಬೇರೆಯದನ್ನು ತೊಡುವವರು ಬಟ್ಟೆಯ ತುಂಡನ್ನು ಅಂಗಡಿಯ ದೀಪದಲ್ಲಿ ಆರಿಸದೆ, ಜಾಕೆಟ್ಟಿನ ತೋಳಿನ ಮೇಲಿಟ್ಟು ಬೀದಿಯ ಬೆಳಕಿನಲ್ಲಿ ನೋಡಬೇಕು. ಕಾಲುಚೀಲ ಅದೇ ಬಣ್ಣದ ಬಳಗದ್ದಿರಲಿ, ಒಂದು ಛಾಯೆ ಮಂಕಾಗಿ. ಹೊಲಿಸುವಾಗ ಬೆನ್ನಿಗೂ ಅದೇ ಉಣ್ಣೆಬಟ್ಟೆ ಹಾಕಿಸಿ. ಕೇಲಿ ಎಂಬ ಸ್ಕಾಟಿಷ್ ಗುಂಪು ಕುಣಿತ ಶುರುವಾದ ಮೇಲೆ ಜಾಕೆಟ್ಟು ಕುರ್ಚಿಯ ಮೇಲೇ ಉಳಿಯುತ್ತದೆ, ಆಗ ಬೆನ್ನಿನಲ್ಲಿ ಲೈನಿಂಗ್ ಸ್ಯಾಟಿನ್ ಮಿಂಚುವುದು ಉಣ್ಣೆಯ ಕಿಲ್ಟಿಗೆ ಒಪ್ಪುವುದಿಲ್ಲ.