ಮೂವತ್ತಾರು ಸೆಕೆಂಡಿನ ಕನ್ನಡ

ಕವನಸಂಕಲನ, ಕಾದಂಬರಿ, ಸಂಘದ ರಂಗಮಂಚಕ್ಕೆ ಬಂದ ನಾಟಕ, ಇವುಗಳನ್ನು ಕುರಿತು ನಾಲ್ಕು ಮಾತು ಬರೆಯುವುದು ಈ ಪುಟದ ವಾಡಿಕೆ. ಈ ಸಲ ಬ್ಯಾಂಕು ಪರೀಕ್ಷೆಯ ಗೈಡುಗಳನ್ನು ಎತ್ತಿಕೊಂಡಿದ್ದೇವೆ. ವಾಚಕರು ಹುಬ್ಬೇರಿಸಬಹುದು. ಆದರೆ ಭಾನುವಾರದ ಬೆಳಿಗ್ಗೆ ನಮ್ಮ ವಾಚನಾಲಯದ ಮೇಜಿನ ಮೇಲೆ ಕಣ್ಣಾಡಿಸಿದವರಿಗೆ ಕಾರಣ ತಾನಾಗಿಯೇ ತಿಳಿದೀತು. ಕಾದಂಬರಿಗಳ ಕಪಾಟಿನ ಬೀಗ ವಾರಗಟ್ಟಲೆ ತೆಗೆಯುವುದಿಲ್ಲ. ಮೂಲೆ ಮಡಿಸಿ, ಪೆನ್ಸಿಲಿನಿಂದ ಗೀಚಿ, ಬೆನ್ನು ಹರಿದು ಅಂಟಿಸಿಕೊಂಡ ಪುಸ್ತಕಗಳೆಂದರೆ ಇವೇ. ನಮ್ಮ ತರುಣ ತರುಣಿಯರು ಮನಸ್ಸಿಟ್ಟು ಓದುವ ಕನ್ನಡ ಗದ್ಯ ಇದೇ ಆಗಿರುವಾಗ, ಅದು ಎಂಥ ಗದ್ಯವೆಂದು ವಿಚಾರಿಸುವುದು ವಿಮರ್ಶೆಯ ಕೆಲಸವೇ ಸರಿ.

ಬ್ಯಾಂಕು ಮತ್ತು ಕನ್ನಡಿಗರ ನಂಟು ಮುಂಬಯಿಯ ನಮ್ಮ ಮನೆಗಳಿಗೆ ಹೊಸದಾಗಿ ಹೇಳಬೇಕಾದದ್ದಲ್ಲ. ಕೆನರಾ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು ಮಂಗಳೂರು ಉಡುಪಿಗಳಲ್ಲಿ ಹುಟ್ಟಿದ್ದು 1906ರಲ್ಲಿ. ಕರ್ಣಾಟಕ ಬ್ಯಾಂಕು 1924ರದು, ಸಿಂಡಿಕೇಟ್ 1925ರದು, ವಿಜಯಾ 1931ರದು. ಸಿಂಡಿಕೇಟಿನವರ ಪಿಗ್ಮಿ ಯೋಜನೆ 1928ರಲ್ಲಿ ಆರಂಭವಾದಾಗ ಏಜೆಂಟ ಮನೆಬಾಗಿಲಿಗೆ ಬಂದು ದಿನಕ್ಕೆ ಎರಡಾಣೆ ಇಸಿದುಕೊಂಡು ಹೋಗುತ್ತಿದ್ದ. ಆತ ಆಡುತ್ತಿದ್ದದ್ದು ಬೀಡಿ ಕಟ್ಟುವವಳಿಗೂ ಮೀನು ಮಾರುವವಳಿಗೂ ತಿಳಿಯುವ ಮಾತು. ಇಲ್ಲಿ ಹೋಟೆಲಿನಲ್ಲಿ ಹಗಲು ದುಡಿದು, ರಾತ್ರಿಶಾಲೆಯಲ್ಲಿ ಕಲಿತು, ಬ್ಯಾಂಕಿನ ಮೇಜಿನ ಹಿಂದೆ ಕುಳಿತವರು ನಮ್ಮ ಹಿರಿಯ ಸದಸ್ಯರಲ್ಲೇ ಇದ್ದಾರೆ. ಈಗ ಆ ಹೆಸರುಗಳಲ್ಲಿ ಕೆಲವು ಉಳಿದಿಲ್ಲ. ವಿಜಯಾ 2019ರಲ್ಲಿ ಬರೋಡಾ ಬ್ಯಾಂಕಿನಲ್ಲಿಯೂ, ಮರುವರ್ಷ ಸಿಂಡಿಕೇಟ್ ಕೆನರಾದಲ್ಲಿಯೂ ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿನಲ್ಲಿಯೂ ಲೀನವಾದವು. ಆದರೆ ಮಗನೋ ಮಗಳೋ ಬ್ಯಾಂಕಿಗೆ ಸೇರಲಿ ಎಂಬ ಮನೆಯವರ ಆಸೆ ಯಾವ ವಿಲೀನಕ್ಕೂ ಸಿಕ್ಕಿಲ್ಲ.

ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯುವ ಅವಕಾಶ ಮಾತ್ರ ತೀರ ಈಚಿನದು. ಗ್ರಾಮೀಣ ಬ್ಯಾಂಕುಗಳ ಪರೀಕ್ಷೆಯನ್ನು ಇಂಗ್ಲಿಷ್ ಹಿಂದಿಗಳ ಜೊತೆಗೆ 13 ಪ್ರಾದೇಶಿಕ ಭಾಷೆಗಳಲ್ಲಿಯೂ ನಡೆಸುವುದಾಗಿ ಅರ್ಥಸಚಿವೆ ನಿರ್ಮಲಾ ಸೀತಾರಾಮನ್ ಅವರು ಸಂಸತ್ತಿನಲ್ಲಿ ತಿಳಿಸಿದ್ದು 2019ರ ಜುಲೈಯಲ್ಲಿ. ರಾಷ್ಟ್ರೀಕೃತ ಬ್ಯಾಂಕುಗಳ ಕ್ಲಾರ್ಕು ಹುದ್ದೆಗೆ 2021ರಲ್ಲಿ ಜಾಹೀರಾತು ಬಂದಾಗ ಪುನಃ ಎರಡೇ ಭಾಷೆ. ಕರ್ನಾಟಕದಲ್ಲಿ ಕೂಗೆದ್ದಿತು, ನೇಮಕಾತಿಯನ್ನು ತಡೆಹಿಡಿದರು, ಸೆಪ್ಟೆಂಬರ್ ಕೊನೆಗೆ ಆ ಪರೀಕ್ಷೆಗೂ 13 ಭಾಷೆಗಳು ಸೇರಿದವು. ಇಷ್ಟರಮಟ್ಟಿಗೆ ಸಂತೋಷ. ಕೂಗಿದವರಿಗೆ ನಾವು ಋಣಿಗಳು.

ಆದರೆ ಬಾಗಿಲು ತೆರೆದುಕೊಂಡ ಮೇಲೆ ಒಳಗೆ ಸಿಕ್ಕ ಕನ್ನಡ ಯಾವುದು? ನಿಜವಾದ ಪ್ರಶ್ನೆಪತ್ರಿಕೆ ನಮ್ಮ ಕೈಗೆ ಬರುವುದಿಲ್ಲ. ಅದು ಗಣಕಯಂತ್ರದ ತೆರೆಯ ಮೇಲೆ ಮೂಡಿ ಅಲ್ಲಿಯೇ ಅಳಿಯುತ್ತದೆ. ಪರೀಕ್ಷೆ ಮುಗಿಸಿ ಹೊರಬಂದ ಹುಡುಗರ ನೆನಪಿನಿಂದ ಸಂಗ್ರಹಿಸಿದ ಪ್ರಶ್ನೆಗಳೂ ಅವುಗಳ ಮಾದರಿಯಲ್ಲಿ ಹೊಸೆದ ಪ್ರಶ್ನೆಗಳೂ ಸೇರಿ ಗೈಡಾಗುತ್ತವೆ. ಆದ್ದರಿಂದ ನಮ್ಮ ಟೀಕೆ ಗೈಡುಗಳಿಗೆ ಮಾತ್ರ. ನಾವು ನೋಡಿದವು ಮೂರು. ಹೆಸರು ಹೇಳುವುದಿಲ್ಲ, ಮೂರೂ ಒಂದೇ ಬಳ್ಳಿಯ ಕಾಯಿಗಳು.

ಮೊದಲು ಸಮಯದ ಲೆಕ್ಕ. ಕ್ಲಾರ್ಕು ಹುದ್ದೆಯ ಪೂರ್ವಭಾವಿ ಪರೀಕ್ಷೆಯಲ್ಲಿ 100 ಪ್ರಶ್ನೆ, 60 ನಿಮಿಷ. ಇಂಗ್ಲಿಷಿಗೆ 30, ಅಂಕಗಣಿತಕ್ಕೆ 35, ತರ್ಕಕ್ಕೆ 35. ಒಂದೊಂದು ಭಾಗಕ್ಕೆ 20 ನಿಮಿಷ. ಸರಾಸರಿ ಒಂದು ಪ್ರಶ್ನೆಗೆ 36 ಸೆಕೆಂಡು. ತಪ್ಪಿದರೆ ಕಾಲು ಅಂಕ ಕಡಿತ. ಇಷ್ಟು ಅವಸರದ ಓದಿನಲ್ಲಿ ಒಂದು ವಿಭಕ್ತಿ ಪ್ರತ್ಯಯ ಆಚೀಚೆಯಾದರೂ ಅನರ್ಥ. ‘ಬೆಲೆಯನ್ನು ಶೇಕಡಾ 20ರಷ್ಟು ಇಳಿಸಿದರೆ’ ಎಂದರೆ ನೂರು ರೂಪಾಯಿಯ ಸರಕು ಎಂಬತ್ತಾಗುತ್ತದೆ. ‘ಶೇಕಡಾ 20ಕ್ಕೆ ಇಳಿಸಿದರೆ’ ಎಂದರೆ ಇಪ್ಪತ್ತಾಗುತ್ತದೆ. ಒಂದು ಗೈಡಿನಲ್ಲಿ ಎರಡನ್ನೂ ಒಂದೇ ಅರ್ಥದಲ್ಲಿ ಅಚ್ಚುಹಾಕಿದ್ದಾರೆ. ಚಕ್ರಬಡ್ಡಿ, ಠೇವಣಿ, ಅಡಮಾನ, ಜಾಮೀನು ಮುಂತಾದ ಸೊಗಸಾದ ಮಾತುಗಳು ಅಂಗಡಿಯವರ ಬಾಯಲ್ಲಿಯೇ ಇರುವ ಭಾಷೆಯಲ್ಲಿ ಇಂಥ ಸಡಿಲ ಲೆಕ್ಕವನ್ನು ಕಂಡು ನಮಗೆ ಬೇಸರವಾಯಿತು.

ತರ್ಕದ ಭಾಗಕ್ಕೆ ಬರೋಣ. ‘ಎಲ್ಲ ಪೆನ್ನುಗಳೂ ಪುಸ್ತಕಗಳು, ಕೆಲವು ಪುಸ್ತಕಗಳು ಕುರ್ಚಿಗಳು’ ಎಂಬಂಥ ವಿಚಿತ್ರ ಪ್ರಪಂಚ ಅದು. ‘ಎಲ್ಲ ಪುಸ್ತಕಗಳೂ ಕುರ್ಚಿಗಳಲ್ಲ’ ಎಂದು ಗೈಡು ಹೇಳುತ್ತದೆ. ಹಾಗೆಂದರೇನು? ಒಂದು ಪುಸ್ತಕವೂ ಕುರ್ಚಿಯಲ್ಲ ಎಂದೆ? ಕೆಲವು ಕುರ್ಚಿಗಳು, ಕೆಲವು ಅಲ್ಲ ಎಂದೆ? ಕನ್ನಡದಲ್ಲಿ ಈ ವಾಕ್ಯಕ್ಕೆ ಎರಡೂ ಅರ್ಥ ಸಲ್ಲುತ್ತದೆ. ಮಾತಿನಲ್ಲಿ ಸ್ವರದ ಏರಿಳಿತ ಅರ್ಥ ಕಾಯುತ್ತದೆ, ತೆರೆಯ ಮೇಲಿನ ಅಕ್ಷರಕ್ಕೆ ಸ್ವರವಿಲ್ಲ. ‘ಯಾವ ಪುಸ್ತಕವೂ ಕುರ್ಚಿಯಲ್ಲ’ ಎಂದು ಬರೆದಿದ್ದರೆ ಮುಗಿದುಹೋಗುತ್ತಿತ್ತು. ಮೆಚ್ಚಬೇಕಾದ್ದನ್ನು ಮೆಚ್ಚೋಣ: ಈಚೆಗೆ ಬಹಳ ಕಾಣಿಸುವ ‘ಕೆಲವೇ’ ಎಂಬ ಪ್ರಯೋಗ ಚೊಕ್ಕವಾಗಿದೆ. ಕೆಲವು ಮಾತ್ರ ಹೌದು, ಉಳಿದವು ಅಲ್ಲ ಎಂಬುದನ್ನು ಇಂಗ್ಲಿಷ್ ಮೂರು ಪದಗಳಲ್ಲಿ ಹೇಳಿದರೆ ಕನ್ನಡ ಒಂದು ದೀರ್ಘದಲ್ಲಿ ಹೇಳುತ್ತದೆ.

ನಮಗೆ ಅತ್ಯಂತ ಸ್ವಾರಸ್ಯವಾಗಿ ಕಂಡದ್ದು ರಕ್ತಸಂಬಂಧದ ಪ್ರಶ್ನೆಗಳು. ಆರೇಳು ಜನರ ಒಂದು ಕುಟುಂಬ. ‘ಎ’, ‘ಬಿ’, ‘ಸಿ’ ಎಂದು ಹೆಸರು. ಯಾರು ಯಾರಿಗೆ ಏನಾಗಬೇಕು ಎಂದು ಹೇಳಬೇಕು. ಮೂಲ ಇಂಗ್ಲಿಷಿನಲ್ಲಿ ‘ಡಿ’ ಗಂಡೋ ಹೆಣ್ಣೋ ಎಂಬುದನ್ನು ಬಚ್ಚಿಡುವುದೇ ಒಗಟಿನ ಗಂಟು. ಅಲ್ಲಿಯ ಕ್ರಿಯಾಪದಕ್ಕೆ ಲಿಂಗವಿಲ್ಲವಾದ್ದರಿಂದ ಬಚ್ಚಿಡುವುದು ಸುಲಭ. ಕನ್ನಡದಲ್ಲಿ ‘ಡಿ ಕುಳಿತಿದ್ದಾಳೆ’ ಎಂದೊಡನೆ ಗಂಟು ಬಿಚ್ಚಿಕೊಂಡಿತು. ಆದ್ದರಿಂದ ಬಲ್ಲ ಭಾಷಾಂತರಕಾರ ‘ಕುಳಿತಿದ್ದಾರೆ’ ಎಂದು ಎಲ್ಲರಿಗೂ ಗೌರವದ ಶಾಲು ಹೊದಿಸುತ್ತಾನೆ. ಅರಿಯದವನು ಎಲ್ಲರಿಗೂ ‘ಕುಳಿತಿದ್ದಾನೆ’ ಎಂದು ಬರೆದುಬಿಡುತ್ತಾನೆ. ಹಾಳೆ ತಿರುಗಿಸಿದರೆ ಆ ಕುಳಿತಿದ್ದವನೇ ‘ಸಿ’ಯ ಹೆಂಡತಿ!

ಇದು ನಗುವ ಸಂಗತಿ. ಮುಂದಿನದು ಅಲ್ಲ. ‘ಬಿ’ಯ ಸಹೋದರನನ್ನು ‘ಸಿ’ ಮದುವೆಯಾಗಿದ್ದಾರೆ, ‘ಸಿ’ ‘ಬಿ’ಗೆ ಏನಾಗಬೇಕು? ಉತ್ತರಗಳು: ಅತ್ತೆ, ಸೊಸೆ, ನಾದಿನಿ, ಹೇಳಲು ಸಾಧ್ಯವಿಲ್ಲ. ಇಂಗ್ಲಿಷಿನವರಿಗೆ ಇದು ಹತ್ತು ಸೆಕೆಂಡಿನ ಕೆಲಸ. ಆದರೆ ಕನ್ನಡದ ಮನೆಯಲ್ಲಿ ಬೆಳೆದ ಹುಡುಗಿ ತಡೆದು ನಿಲ್ಲುತ್ತಾಳೆ. ಸಹೋದರ ಎಂದರೆ ಅಣ್ಣನೋ ತಮ್ಮನೋ? ಅಣ್ಣನಾದರೆ ಅವನ ಹೆಂಡತಿ ಅತ್ತಿಗೆ. ಅತ್ತಿಗೆ ಪಟ್ಟಿಯಲ್ಲಿಲ್ಲ. ತಮ್ಮನ ಹೆಂಡತಿಯನ್ನು ಕೆಲವು ಕಡೆ ನಾದಿನಿ ಎನ್ನುವುದುಂಟು. ಅಣ್ಣನೋ ತಮ್ಮನೋ ಎಂಬುದನ್ನು ಪ್ರಶ್ನೆ ಹೇಳಿಲ್ಲವಾದ್ದರಿಂದ ‘ಹೇಳಲು ಸಾಧ್ಯವಿಲ್ಲ’ ಎಂದು ಆಕೆ ಗುರುತು ಹಾಕುತ್ತಾಳೆ. ಅವಳ ತರ್ಕದಲ್ಲಿ ಕುಂದೆಲ್ಲಿದೆ? ಗೈಡಿನ ಉತ್ತರ ನಾದಿನಿ. ಒಂದು ಅಂಕವೂ ಹೋಯಿತು, ಮೇಲೆ ಕಾಲು ಅಂಕವೂ ಹೋಯಿತು. ಕನ್ನಡ ಬಾರದಿದ್ದರೆ ಸರಿಯುತ್ತರ ಬರೆಯುತ್ತಿದ್ದಳು. ಕನ್ನಡ ಮಾಧ್ಯಮದ ಪರೀಕ್ಷೆಯಲ್ಲಿ ಕನ್ನಡ ತಿಳಿದದ್ದೇ ಅಪರಾಧವಾಗುವುದೆಂದರೆ ಇದೇ.

ಇಂಗ್ಲಿಷಿನ ಒಂದು ಪದಕ್ಕೆ ನಮ್ಮಲ್ಲಿ ಅತ್ತಿಗೆ, ನಾದಿನಿ, ಓರಗಿತ್ತಿ ಇದ್ದಾರೆ. ಇನ್ನೊಂದಕ್ಕೆ ಭಾವ, ಮೈದುನ, ಷಡ್ಡಕ ಇದ್ದಾರೆ. ಅವರ ‘ಅಂಕಲ್’ ನಮ್ಮಲ್ಲಿ ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವ. ಅತ್ತ ನಮ್ಮ ‘ಮಾವ’ ಒಬ್ಬನೇ ತಾಯಿಯ ತಮ್ಮನೂ ಹೌದು, ಹೆಂಡತಿಯ ತಂದೆಯೂ ಹೌದು. ಕೆಲವು ಮನೆಗಳಲ್ಲಿ ಇಬ್ಬರೂ ಒಬ್ಬನೇ ಆಗಿರುವುದೂ ಉಂಟು. ಇಷ್ಟು ಸಂಪನ್ನವಾದ ಬಂಧುಪದಗಳಿರುವ ಭಾಷೆಯಲ್ಲಿ ಇಂಥ ಒಗಟುಗಳನ್ನು ಕನ್ನಡದಲ್ಲಿಯೇ ಕಟ್ಟಬಹುದಲ್ಲ! ಕನ್ನಡ ಪತ್ರಿಕೆಗೆ ಕನ್ನಡದಲ್ಲಿ ಯೋಚಿಸುವ ಪ್ರಶ್ನಕಾರ ಬೇಕು. ಭಾಷಾಂತರಕಾರ ಎಷ್ಟೇ ಜಾಣನಾದರೂ ಬೇರೊಬ್ಬರ ಮನೆಯ ನಕ್ಷೆ ಹಿಡಿದು ನಮ್ಮ ಮನೆ ಕಟ್ಟುವವನು. ಪ್ರಶ್ನೆಗಳನ್ನು ಸಿದ್ಧಪಡಿಸುವ ಐಬಿಪಿಎಸ್ ಸಂಸ್ಥೆ 1984ರಿಂದ ಸ್ವತಂತ್ರವಾಗಿ ನಡೆಯುತ್ತಿರುವುದು ಇದೇ ಊರಿನಲ್ಲಿ, ಕಚೇರಿ ಕಾಂದಿವಲಿಯಲ್ಲಿ. ಮುಂಬಯಿಯಲ್ಲಿ ಕನ್ನಡ ಬಲ್ಲ ಅಧ್ಯಾಪಕರಿಗೆ ಬರವೆಂದು ಯಾರೂ ಹೇಳಲಾರರು.

ಇನ್ನೊಂದು ಕೊರತೆ ಪತ್ರಿಕೆಯ ರಚನೆಯದೇ. ಗ್ರಾಮೀಣ ಬ್ಯಾಂಕುಗಳ ಮುಖ್ಯ ಪರೀಕ್ಷೆಯಲ್ಲಿ ಭಾಷೆಗೆಂದು ಒಂದು ಭಾಗವಿದೆ; ಇಂಗ್ಲಿಷನ್ನಾದರೂ ಹಿಂದಿಯನ್ನಾದರೂ ಆರಿಸಿಕೊಳ್ಳಬಹುದು. ಕನ್ನಡವಿಲ್ಲ. ರಾಯಚೂರಿನ ಹಳ್ಳಿಯಲ್ಲಿ ಬೆಳೆಸಾಲದ ಅರ್ಜಿ ಬರೆದುಕೊಡಬೇಕಾದ ಸಹಾಯಕನ ಭಾಷಾಜ್ಞಾನವನ್ನು ಹಿಂದಿಯಲ್ಲಿ ಅಳೆಯುವುದು ಯಾವ ತರ್ಕವೋ ನಮಗೆ ತಿಳಿಯದು. ಅದಕ್ಕೂ ಉತ್ತರ ‘ಹೇಳಲು ಸಾಧ್ಯವಿಲ್ಲ’ವೇ ಇರಬೇಕು.

ಇಷ್ಟನ್ನೂ ಹೇಳಿದ ಮೇಲೆ ನಮ್ಮ ಕಡೆಗೂ ಒಂದು ಕನ್ನಡಿ ಹಿಡಿಯಬೇಕಾಗಿದೆ. ಕ್ಲಾರ್ಕು ಹುದ್ದೆಗೆ ಒಂದೇ ರಾಜ್ಯಕ್ಕೆ ಅರ್ಜಿ ಹಾಕಬಹುದು. ಆ ರಾಜ್ಯದ ಭಾಷೆಯನ್ನು ಓದಲು, ಬರೆಯಲು, ಆಡಲು, ಅರ್ಥಮಾಡಿಕೊಳ್ಳಲು ಬರಬೇಕು. ಸ್ಟೇಟ್ ಬ್ಯಾಂಕಿನ ನೇಮಕಾತಿಯಲ್ಲಿ ಹತ್ತನೆಯ ಅಥವಾ ಹನ್ನೆರಡನೆಯ ತರಗತಿಯಲ್ಲಿ ಆ ಭಾಷೆ ಕಲಿತ ಅಂಕಪಟ್ಟಿ ತೋರಿಸಿದವರಿಗೆ ವಿನಾಯಿತಿ, ಉಳಿದವರಿಗೆ ಕೆಲಸಕ್ಕೆ ಸೇರುವ ಮುಂಚೆ ಭಾಷಾಪರೀಕ್ಷೆ. ಇಲ್ಲಿ ಹುಟ್ಟಿ ಇಂಗ್ಲಿಷ್ ಶಾಲೆಗೆ ಹೋದ ನಮ್ಮ ಮಕ್ಕಳಿಗೆ ಮಹಾರಾಷ್ಟ್ರಕ್ಕೆ ಅರ್ಜಿ ಹಾಕಲು ಶಾಲೆಯ ಮರಾಠಿ ಇದೆ. ಊರಿಗೆ ಹೋಗಿ ಅಜ್ಜ ಅಜ್ಜಿಯರ ಹತ್ತಿರ ಇರುತ್ತೇನೆಂದು ಕರ್ನಾಟಕಕ್ಕೆ ಅರ್ಜಿ ಹಾಕುವವರ ಗತಿ? ಕನ್ನಡ ಅರಳು ಹುರಿದಂತೆ ಆಡುತ್ತಾರೆ, ‘ಕ್ಷ’ ಎದುರಾದರೆ ತೊದಲುತ್ತಾರೆ. ತರ್ಕಕ್ಕೂ ಗಣಿತಕ್ಕೂ ಸಾವಿರಾರು ರೂಪಾಯಿ ಶುಲ್ಕ ತೆತ್ತು ತರಗತಿಗೆ ಕಳಿಸುವ ತಂದೆತಾಯಿಗಳು ಅಕ್ಷರಮಾಲೆಗೆ ಭಾನುವಾರದ ಒಂದು ಗಂಟೆಯನ್ನೂ ಕೊಟ್ಟಿಲ್ಲ. ನಾವು ನೋಡಿದ ಮೂರು ಗೈಡುಗಳಲ್ಲಿಯೂ ಈ ಭಾಷಾಪರೀಕ್ಷೆಗೆ ಒಂದು ಪುಟವಿಲ್ಲ. ಗೈಡು ಬರೆದವರು ಊರಿನ ಹುಡುಗರನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದಾರೆ, ಅದು ಅವರ ತಪ್ಪಲ್ಲ. ನಮ್ಮ ಕಪಾಟಿನ ಕಾದಂಬರಿಗಳಿಗೆ ಆ ಕೆಲಸ ಬರುತ್ತಿತ್ತು.

ಮೊನ್ನೆ ವಾಚನಾಲಯದಲ್ಲಿ ‘ಹೇಳಲು ಸಾಧ್ಯವಿಲ್ಲ’ ಎಂದು ಗುರುತು ಹಾಕಿ ಅಂಕ ಕಳೆದುಕೊಂಡು ಕುಳಿತಿದ್ದ ಹುಡುಗಿಗೆ ನಾವೇ ಒಂದು ಪ್ರಶ್ನೆ ಕಟ್ಟಿ ಕೊಟ್ಟೆವು: ನನ್ನ ಓರಗಿತ್ತಿಯ ಅತ್ತೆ ನನಗೆ ಏನಾಗಬೇಕು? ಓರಗಿತ್ತಿ ಎಂದರೇನೆಂದು ಆಕೆ ಕೇಳಿದಳು. ಕರೆದುಕೊಂಡು ಹೋಗಲು ಬಂದು ಬಾಗಿಲಲ್ಲಿ ಚಪ್ಪಲಿ ಕಳಚುತ್ತಿದ್ದ ಅವಳ ತಾಯಿ ಅಲ್ಲಿಂದಲೇ ಉತ್ತರ ಹೇಳಿದರು. ಮೂರು ಸೆಕೆಂಡೂ ಆಗಿರಲಿಲ್ಲ.