‘ರಾಫಾ’: ರೋಗಪರಿಹಾರವೋ, ಪುನಃಸ್ಥಾಪನೆಯೋ?

ನಮ್ಮ ಪ್ರಸಂಗಗಳಲ್ಲಿ ‘ಯೆಹೋವ ರಾಫಾ’ ಎಂಬುದು ದೇವರ ನಾಮಧೇಯದಂತೆ ಬಳಕೆಯಾಗುತ್ತದೆ. ರೋಗಪರಿಹಾರದ ವಾಗ್ದಾನವೆಂಬುದಷ್ಟೇ ಅದರ ಅರ್ಥವೆಂದು ಭಾವಿಸಲಾಗುತ್ತದೆ. ಇದಕ್ಕೆ ಆಧಾರವಾದ ವಿಮೋಚನಕಾಂಡ 15:26ರ ಇಬ್ರಿಯ ಮೂಲದಲ್ಲಿರುವ ರೂಪ ‘ರೋಫೆಖಾ’, ಅಂದರೆ ‘ನಿನ್ನನ್ನು ಗುಣಪಡಿಸುವವನು’. ‘ನಿನ್ನ’ ಎಂಬ ಪ್ರತ್ಯಯವನ್ನು ಕಳೆದರೆ ಒಡಂಬಡಿಕೆಯ ಸಂಬಂಧವೇ ಮರೆಯಾಗುತ್ತದೆ. ಐಗುಪ್ತದ ವ್ಯಾಧಿಗಳ ಪ್ರಸ್ತಾಪ ಆ ವಚನದಲ್ಲಿದೆ, ನಿಜ. ಆದರೆ ಅದು ನುಡಿಯಲ್ಪಟ್ಟದ್ದು ರೋಗಶಯ್ಯೆಯ ಬಳಿಯಲ್ಲ. ಮಾರಾದಲ್ಲಿ, ಬಾಯಾರಿ ಗುಣುಗುಟ್ಟಿದ ಜನಾಂಗಕ್ಕೆ, ಆಜ್ಞೆಗಳಿಗೆ ಕಿವಿಗೊಡಬೇಕೆಂಬ ಷರತ್ತಿನೊಡನೆ.

ಈ ಕ್ರಿಯಾಪದದ ವ್ಯಾಪ್ತಿ ದೊಡ್ಡದು. ಆದಿಕಾಂಡ 20:17ರಲ್ಲಿ ಅಬೀಮೆಲೆಕನ ಮನೆಯವರು ಗುಣಹೊಂದುತ್ತಾರೆ. 2 ಅರಸುಗಳು 2:21ರಲ್ಲಿ ‘ಗುಣವಾಗುವುದು’ ಯೆರಿಕೋವಿನ ನೀರು. 1 ಅರಸುಗಳು 18:30ರಲ್ಲಿ ಎಲೀಯನು ಕರ್ಮೆಲಿನ ಹಾಳುಬಿದ್ದ ಯಜ್ಞವೇದಿಯನ್ನು ಕುರಿತು ಮಾಡಿದ ಕೆಲಸಕ್ಕೂ ಇದೇ ಪದ. ಕನ್ನಡದಲ್ಲಿ ವೇದಿಯನ್ನು ದುರಸ್ತಿ ಮಾಡಬಹುದು, ಗುಣಪಡಿಸಲಾಗದು. ಆದ್ದರಿಂದ ಭಾಷಾಂತರದಲ್ಲಿ ಈ ಕೊಂಡಿ ಕಾಣದೆ ಹೋಗುತ್ತದೆ. ಸೆಪ್ಟುಅಜಿಂಟ್ ಎಂಬ ಪ್ರಾಚೀನ ಗ್ರೀಕ್ ಭಾಷಾಂತರವಾದರೋ ಅಲ್ಲಿಯೂ ‘ಗುಣಪಡಿಸು’ ಎಂಬ ಕ್ರಿಯಾಪದವನ್ನೇ ಉಳಿಸಿಕೊಂಡಿದೆ. ಭಂಗಗೊಂಡದ್ದನ್ನು ಅದರ ಉದ್ದೇಶಕ್ಕೆ ತಕ್ಕ ಸ್ಥಿತಿಗೆ ಮರಳಿಸುವುದೇ ಈ ಪ್ರಯೋಗಗಳ ಸಮಾನಾರ್ಥ. ದೇಹವು ಅದರೊಳಗೆ ಸೇರಿದೆ. ಆದರೆ ದೇಹವೇ ಅದರ ಎಲ್ಲೆಯಲ್ಲ.

ಈ ಪದವನ್ನು ಅತ್ಯಂತ ಕಟುವಾಗಿ ಪ್ರಯೋಗಿಸಿದವನು ಯೆರೆಮೀಯ. ಒಡೆದ ಮಡಕೆಗೆ ‘ರಾಫಾ’ ಸಾಧ್ಯವಿಲ್ಲವೆನ್ನುತ್ತಾನೆ (19:11). ಸಮಾಧಾನವಿಲ್ಲದಿರುವಾಗ ಸಮಾಧಾನವನ್ನು ಸಾರಿ, ಜನರ ಗಾಯವನ್ನು ಮೇಲುಮೇಲೆ ವಾಸಿಮಾಡುವ ಪ್ರವಾದಿ ಯಾಜಕರನ್ನು ಖಂಡಿಸುವಾಗಲೂ ಇದೇ ಧಾತುವನ್ನು ಬಳಸುತ್ತಾನೆ (6:14). ಹಾಗಾದರೆ ಸುಳ್ಳು ‘ರಾಫಾ’ ಎಂಬುದೂ ಉಂಟು. ಅದನ್ನು ಹಂಚುವವರು ದೇವಾಲಯದ ಸೇವಕರೇ.

ಯೆಶಾಯ 53:5ರ ಮಾತೇನು ಎಂದು ಕೇಳಬಹುದು. ಮತ್ತಾಯ 8:17 ಅದರ ಹಿಂದಿನ ವಚನವನ್ನು ಯೇಸುವಿನ ದೈಹಿಕ ಸ್ವಸ್ಥತೆಯ ಸೇವೆಗೆ ಅನ್ವಯಿಸುತ್ತದೆ. 1 ಪೇತ್ರ 2:24 ಆ ಬಾಸುಂಡೆಗಳಿಂದಾದ ಗುಣವನ್ನು ಪಾಪಕ್ಕೆ ಸತ್ತು ನೀತಿಗಾಗಿ ಜೀವಿಸುವುದರೊಡನೆ ಜೋಡಿಸುತ್ತದೆ. ಇವೆರಡರಲ್ಲಿ ಒಂದನ್ನು ಆರಿಸಿ ಇನ್ನೊಂದನ್ನು ಕೈಬಿಡುವ ಅಧಿಕಾರ ವ್ಯಾಖ್ಯಾನಕಾರನಿಗಿಲ್ಲ.

ಇದು ಕೇವಲ ವ್ಯಾಕರಣದ ಚರ್ಚೆಯಲ್ಲ. ಪ್ರಾರ್ಥಿಸಿಯೂ ಗುಣಹೊಂದದ ವಿಶ್ವಾಸಿಗೆ ‘ನಿನ್ನ ನಂಬಿಕೆ ಸಾಲದು’ ಎಂದು ಹೇಳುವಾಗ ನಾವು ಅವರ ವ್ಯಾಧಿಯ ಮೇಲೆ ಅಪರಾಧದ ಹೊರೆಯನ್ನೂ ಹೊರಿಸುತ್ತೇವೆ. ‘ರಾಫಾ’ ಪದದಲ್ಲಿ ಇದಕ್ಕೆ ಆಧಾರವಿಲ್ಲ. ಸ್ವಸ್ಥತೆಗಾಗಿ ಪ್ರಾರ್ಥಿಸೋಣ, ಅದರೊಡನೆ, ಆ ರೋಗಿಗೆ ಸಭೆಯಲ್ಲಿಯೂ ಕರ್ತನ ಮೇಜಿನಲ್ಲಿಯೂ ಸ್ಥಾನವನ್ನು ಉಳಿಸಿಕೊಡುವುದೂ ಪುನಃಸ್ಥಾಪನೆಯ ಸೇವೆಯೇ ಎಂದು ಬೋಧಿಸೋಣ.