ಮಾಯಾಲೋಕದ ಸುಂಕ

ಬಿರುಗಾಳಿ ಹೊತ್ತು ತಂದ ಮನೆ ನೆಲಕ್ಕಿಳಿದಿದೆ. ಒಳಗೆಲ್ಲ ಮಾಸಿದ ಕಂದುಬಣ್ಣ. ಹುಡುಗಿ ಡೊರೊತಿ ಬಾಗಿಲು ತೆಗೆದೊಡನೆ ಹೊರಗಿನ ಹಸಿರು, ಕೆಂಪು, ಹಳದಿ ಒಟ್ಟಿಗೇ ಕಣ್ಣಿಗೆ ನುಗ್ಗುತ್ತವೆ. ಇದು 1939ರ ‘ದಿ ವಿಝರ್ಡ್ ಆಫ್ ಆಝ್’. ಆ ಒಂದು ಗಳಿಗೆಗಾಗಿ ಮನೆಯ ಒಳಭಾಗಕ್ಕೇ ಕಂದುಬಣ್ಣ ಬಳಿದಿದ್ದರು. ಕಂದು ಉಡುಪಿನ ಬದಲಿ ನಟಿ ಬಾಗಿಲು ತೆಗೆದು ಮರೆಗೆ ಸರಿದ ಮೇಲೆ ನೀಲಿ ಉಡುಪಿನ ಜೂಡಿ ಗಾರ್ಲೆಂಡ್ ಹೊರಗೆ ಕಾಲಿಟ್ಟರು. ಎಲ್. ಫ್ರಾಂಕ್ ಬಾಮ್ 1900ರಲ್ಲಿ ಬರೆದ ಕಾದಂಬರಿಯ ಮೊದಲ ಪುಟಗಳಲ್ಲಿ ಕ್ಯಾನ್ಸಸ್‌ನ ಬಯಲು, ಮನೆ, ಚಿಕ್ಕಪ್ಪ, ಚಿಕ್ಕಮ್ಮ ಎಲ್ಲರೂ ಎಲ್ಲವೂ ಬರೀ ಬೂದು. ಆ ಪುಟಗಳ ಕೆಲಸವನ್ನು ಸಿನಿಮಾ ಒಂದು ಹೆಜ್ಜೆಯಲ್ಲಿ ಮಾಡಿ ಮುಗಿಸಿತು.

ಕಾದಂಬರಿಯಿಂದ ಹುಟ್ಟಿದ ಅದ್ಭುತರಮ್ಯ ಸಾಹಸಚಿತ್ರಗಳ ಪರಂಪರೆಯ ದೊಡ್ಡ ಸಾಧನೆಗಳಲ್ಲಿ ಈ ಹೆಜ್ಜೆಯೂ ಒಂದು. ಆದರೆ ಇಂಥ ಚಿತ್ರ ಬಂದಾಗಲೆಲ್ಲ ನಮ್ಮ ಮಾತು ‘ಏನನ್ನು ಬಿಟ್ಟರು, ಏನನ್ನು ಬದಲಿಸಿದರು’ ಎಂಬಲ್ಲೇ ಸುತ್ತುತ್ತದೆ. ದ್ರೌಪದಿಯನ್ನು ಅರ್ಜುನನೊಬ್ಬನ ಹೆಂಡತಿಯಾಗಿಸಿದ ಪಂಪನನ್ನು ಆದಿಕವಿ ಎಂದು ಕರೆದ ಭಾಷೆ ನಮ್ಮದು. ಬದಲಾವಣೆಯನ್ನೇ ಅಪರಾಧವೆಂದರೆ ನಮ್ಮ ಬಾಯಿಗೆ ಒಪ್ಪುವುದಿಲ್ಲ. ನನ್ನ ಅಳತೆಗೋಲು ಬೇರೆ. ಮಾಯಾಲೋಕದ ಗಡಿಯಲ್ಲೊಂದು ಸುಂಕದಕಟ್ಟೆ ಇರುತ್ತದೆ. ಒಳಹೊಕ್ಕವರು ಏನನ್ನಾದರೂ ತೆತ್ತೇ ಹಿಂದಿರುಗಬೇಕು. ಆ ಸುಂಕವನ್ನು ಸಿನಿಮಾ ಉಳಿಸಿಕೊಂಡಿದೆಯೇ, ಮನ್ನಾ ಮಾಡಿದೆಯೇ?

ಈ ಲೆಕ್ಕದಲ್ಲಿ ‘ಆಝ್’ ಕೊನೆಗೆ ಎಡವುತ್ತದೆ. ಕಾದಂಬರಿಯ ಬೆಳ್ಳಿ ಪಾದರಕ್ಷೆಯನ್ನು ಟೆಕ್ನಿಕಲರ್‌ಗಾಗಿ ಮಾಣಿಕ್ಯದ ಕೆಂಪಿಗೆ ತಿರುಗಿಸಿದ್ದು ಸರಿಯಾದ ತೀರ್ಮಾನ. ಆದರೆ ಬಾಮ್ ಕಂಡ ಆಝ್ ನಿಜವಾದ ನಾಡು. ಊರಿಗೆ ಮರಳುವಾಗ ಡೊರೊತಿಯ ಪಾದರಕ್ಷೆ ಮರುಭೂಮಿಯ ಮೇಲೆಲ್ಲೋ ಜಾರಿ ಬಿದ್ದು ಶಾಶ್ವತವಾಗಿ ಕಳೆದುಹೋಗುತ್ತದೆ. ಸಿನಿಮಾದ ಡೊರೊತಿ ಹಾಸಿಗೆಯಲ್ಲಿ ಕಣ್ಣು ಬಿಡುತ್ತಾಳೆ, ಸುತ್ತಲಿನವರು ಅದೆಲ್ಲ ಕನಸೆನ್ನುತ್ತಾರೆ. ಅವಳು ಕಳೆದುಕೊಂಡದ್ದು ಏನೂ ಇಲ್ಲ.

ಇದಕ್ಕಿಂತ ದೊಡ್ಡ ನಷ್ಟ ಆದದ್ದು ಮಿಖಾಯೆಲ್ ಎಂಡೆ ಅವರ ‘ದಿ ನೆವರ್‌ಎಂಡಿಂಗ್ ಸ್ಟೋರಿ’ಗೆ. 1979ರ ಈ ಜರ್ಮನ್ ಕಾದಂಬರಿಯನ್ನು ಎರಡು ಬಣ್ಣದ ಶಾಯಿಯಲ್ಲಿ ಅಚ್ಚು ಮಾಡಿದ್ದರು, ಹುಡುಗ ಬಾಸ್ಟಿಯನ್‌ನ ಲೋಕಕ್ಕೊಂದು, ಅವನು ಓದುವ ಲೋಕಕ್ಕೊಂದು. 26 ಅಧ್ಯಾಯಗಳು ಎ ಇಂದ ಝಡ್‌ವರೆಗಿನ ಅಕ್ಷರಗಳಿಂದ ಸಾಲಾಗಿ ಶುರುವಾಗುತ್ತವೆ. ವೋಲ್ಫ್‌ಗಾಂಗ್ ಪೀಟರ್ಸನ್ 1984ರ ಚಿತ್ರಕ್ಕೆ ಆಯ್ದುಕೊಂಡದ್ದು ಹೆಚ್ಚುಕಡಿಮೆ ಮೊದಲರ್ಧ. ಉಳಿದರ್ಧದಲ್ಲೇ ಕಥೆಯ ಜೀವ ಇರುವುದು. ಅಲ್ಲಿ ಬಾಸ್ಟಿಯನ್ ಬಯಸಿದ್ದೆಲ್ಲ ಆಗುತ್ತದೆ, ಆದರೆ ಒಂದೊಂದು ಬಯಕೆಗೂ ತನ್ನ ಬದುಕಿನ ಒಂದೊಂದು ನೆನಪು ಅಳಿಸಿಹೋಗುತ್ತದೆ. ಕಡೆಗೆ ಅವನ ಹೆಸರೂ ಅವನಿಗೆ ನೆನಪಿಲ್ಲ. ಸಿನಿಮಾದಲ್ಲಿ ಅವನು ಡ್ರ್ಯಾಗನ್ ಏರಿ ಬಂದು, ತನ್ನನ್ನು ಕಾಡಿದ ಪುಂಡ ಹುಡುಗರನ್ನು ಓಡಿಸುತ್ತಾನೆ. ಬಯಕೆ ಈಡೇರಿತು, ಸುಂಕ ಮನ್ನಾ. ಎಂಡೆ ಚಿತ್ರದ ವಿರುದ್ಧ ಕೋರ್ಟಿಗೆ ಹೋಗಿ ಸೋತರು. ಅವರ ಸಿಟ್ಟು ನ್ಯಾಯವಾದದ್ದು.

ಪೀಟರ್ ಜಾಕ್ಸನ್ ಅವರ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ (2001–03) ಬಿಟ್ಟದ್ದು ಕಡಿಮೆಯೇನಲ್ಲ. ಕಾದಂಬರಿಯ ಟಾಮ್ ಬಾಂಬಡಿಲ್ ಎಂಬ ಪಾತ್ರವೇ ಇಲ್ಲ. ಮನೆಗೆ ಮರಳಿದ ಹಾಬಿಟ್‌ಗಳು ತಮ್ಮೂರನ್ನೇ ಶತ್ರುಗಳಿಂದ ಬಿಡಿಸಿಕೊಳ್ಳುವ ಇಡೀ ಅಧ್ಯಾಯ ಇಲ್ಲ. ಆದರೂ ಗೆದ್ದ ಹಾಬಿಟ್ ಫ್ರೋಡೊಗೆ ಊರಲ್ಲಿ ಬದುಕಲು ಆಗುವುದಿಲ್ಲ. ಹಳೆಯ ಗಾಯ ಮಾಯುವುದಿಲ್ಲ. ಗೆಳೆಯರನ್ನು ದಂಡೆಯಲ್ಲಿ ಬಿಟ್ಟು ಅವನು ಹಡಗು ಹತ್ತುವ ದೃಶ್ಯಕ್ಕೆ ಜಾಕ್ಸನ್ ಆತುರಪಡದೆ ಸಮಯ ಕೊಟ್ಟರು. ಮೂರನೆಯ ಭಾಗ ಪಡೆದ 11 ಆಸ್ಕರ್‌ಗಳಿಗಿಂತ ಆ ತಾಳ್ಮೆ ನನಗೆ ದೊಡ್ಡದು. ಅದೇ ಜಾಕ್ಸನ್ ಮುಂದೆ ‘ಹಾಬಿಟ್’ ಎಂಬ ಮಕ್ಕಳ ಪುಸ್ತಕವನ್ನು ಮೂರು ಚಿತ್ರಗಳಿಗೆ ಎಳೆದರು. ಪುಸ್ತಕದಲ್ಲಿ ಕಥಾನಾಯಕ ಬಿಲ್ಬೊ ಕೊನೆಯ ಯುದ್ಧದಲ್ಲಿ ತಲೆಗೆ ಏಟು ಬಿದ್ದು ಎಚ್ಚರ ತಪ್ಪುತ್ತಾನೆ, ಯುದ್ಧದ ಕೊನೆ ಅವನ ಕಣ್ಣಿಗೇ ಬೀಳುವುದಿಲ್ಲ. ಎಚ್ಚೆತ್ತಾಗ ಉಳಿದಿರುವುದು ಸಾಯುತ್ತಿರುವ ಗೆಳೆಯನ ವಿದಾಯ. ಸಿನಿಮಾದಲ್ಲಿ ಆ ಯುದ್ಧವೇ ಬೆಳೆದು ಬೆಳೆದು ಆ ವಿದಾಯದ ನೋವು ಸೊರಗಿತು.

ಮೂಲದಲ್ಲಿ ಇಲ್ಲದ ಸುಂಕವನ್ನು ತಾನೇ ವಿಧಿಸಿದ ಚಿತ್ರವೂ ಇದೆ. ಡಯಾನಾ ವಿನ್ ಜೋನ್ಸ್ ಅವರ 1986ರ ಕಾದಂಬರಿಯಿಂದ ಹಯಾವೊ ಮಿಯಾಝಾಕಿ 2004ರಲ್ಲಿ ‘ಹೌಲ್ಸ್ ಮೂವಿಂಗ್ ಕ್ಯಾಸಲ್’ ಮಾಡಿದರು. ಶಾಪದಿಂದ ಮುದುಕಿಯಾದ ಸೋಫಿ ನಿದ್ದೆಯಲ್ಲಿ ಹುಡುಗಿಯಾಗುತ್ತಾಳೆ, ಧೈರ್ಯ ಬಂದಾಗ ಬೆನ್ನು ನೆಟ್ಟಗಾಗುತ್ತದೆ, ಅಳುಕಿದಾಗ ಸುಕ್ಕು ಮರಳುತ್ತದೆ. ಮಾತಿನ ಹಂಗಿಲ್ಲದೆ ಅನಿಮೇಷನ್ನಿನ ಗೆರೆಗಳೇ ಇದನ್ನೆಲ್ಲ ಹೇಳುತ್ತವೆ. ಶಾಪ ಕಳೆದ ಮೇಲೂ ಅವಳ ಕೂದಲು ಬೆಳ್ಳಗೇ ಉಳಿಯುತ್ತದೆ. ಕಾದಂಬರಿಯಿಂದ ಅಷ್ಟು ದೂರ ಸರಿದ ಈ ಚಿತ್ರವನ್ನು ಪರಂಪರೆಯ ಶ್ರೇಷ್ಠ ಕೃತಿಗಳ ಸಾಲಿನಲ್ಲಿ ಇಡಲು ಆ ಬಿಳಿಕೂದಲು ನನಗೆ ಸಾಕು.

ಮಕ್ಕಳಿಗೆ ಇವನ್ನೆಲ್ಲ ತೋರಿಸಿ. ‘ನೆವರ್‌ಎಂಡಿಂಗ್ ಸ್ಟೋರಿ’ ತೋರಿಸಿದ ದಿನ ಮಾತ್ರ ಪುಸ್ತಕವನ್ನೂ ಕೈಗೆ ಕೊಡಿ. ಸಿನಿಮಾ ಮುಗಿದಾಗ ಅಲ್ಲಿನ್ನೂ ಅರ್ಧ ಕಥೆ ಬಾಕಿ ಇರುತ್ತದೆ.